ಶೈತ್ಯವನ್ನು ಅಳೆದ ಮಹನೀಯ

ಬೇಸಿಗೆಯಲ್ಲಿ ಮಂಜುಗಡ್ಡೆಯ ನೀರು ಕುಡಿದು ಹಲ್ಲು ಜುಮ್ಮೆಂದಾಗ, ಇದಕ್ಕಿಂತ ತಣ್ಣಗಿನದು ಇನ್ನಿಲ್ಲವೆಂದು ನಾವು ಭಾವಿಸುತ್ತೇವೆ. ಆದರೆ ಆ ಮಂಜುಗಡ್ಡೆಯ ಕೆಳಗೆ ಶೈತ್ಯಕ್ಕೆ ಇನ್ನೂ 273 ಮೆಟ್ಟಿಲುಗಳಿವೆ. ಅವುಗಳಲ್ಲಿ ಕೊನೆಯ ಕೆಲವನ್ನು ಮೊದಲು ಇಳಿದವರು ಹಾಲೆಂಡಿನ ಹೈಕೆ ಕಾಮರ್ಲಿಂಗ್ ಓನ್ನೆಸ್.

1853ರ ಸೆಪ್ಟೆಂಬರ್ 21ರಂದು ಗ್ರೋನಿಂಗನ್ನಿನಲ್ಲಿ ಜನಿಸಿದ ಇವರು 1882ರಲ್ಲಿ ಲೈಡನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು. ಅಳತೆಯಿಂದಲೇ ಅರಿವು ಎಂಬುದು ಅವರ ನಿಷ್ಠೆ. ಅನಿಲವನ್ನು ದ್ರವವಾಗಿಸಿದರೆ ಸಾಲದು. ಅದರ ಸಾಂದ್ರತೆ, ಒತ್ತಡ, ಕುದಿಯುವ ಉಷ್ಣತೆಗಳನ್ನು ತೂಗಿ ನೋಡಿ ಬರೆದಿಡಬೇಕು ಎಂದು ಅವರು ಪ್ರಯೋಗಶಾಲೆಯನ್ನು ಕಟ್ಟತೊಡಗಿದರು.

1895ರಲ್ಲಿ ವಿಘ್ನವೊಂದು ಒದಗಿತು. 1807ರಲ್ಲಿ ಲೈಡನ್ನಿನ ನಡುವೆ ಸಿಡಿಮದ್ದಿನ ಹಡಗು ಸ್ಫೋಟಗೊಂಡು ಬೀದಿಗಳೇ ನೆಲಸಮವಾಗಿದ್ದುವು. ಆ ನೆನಪಿನಿಂದ ಊರವರು ಒತ್ತಡದ ಅನಿಲಗಳಿಗೆ ಅಂಜಿದರು. ವಿಚಾರಣೆ ನಡೆದು ಕೆಲಸ ಸುಮಾರು ಮೂರು ವರ್ಷ ನಿಂತಿತು. ಅಷ್ಟರಲ್ಲಿ, 1898ರಲ್ಲಿ, ಲಂಡನ್ನಿನ ಡೀವಾರ್ ಜಲಜನಕವನ್ನು ದ್ರವವಾಗಿಸಿ ಮುಂದೆ ಹೋದರು. ಓನ್ನೆಸ್ ಧೃತಿಗೆಡಲಿಲ್ಲ. ಉಪಕರಣ ಮಾಡುವ, ಗಾಜು ಊದುವ ಕೆಲಸ ಕಲಿಸಲು 1901ರಲ್ಲಿ ಶಾಲೆಯನ್ನೇ ತೆರೆದರು. ನೀಲಿ ಉಡುಪಿನ ಆ ಹುಡುಗರ ಕೈಗಳೇ ಅವರ ಬಲವಾದುವು.

1908ರ ಜುಲೈ 10. ಬೆಳಗಿನ ಜಾವದಿಂದ ಯಂತ್ರಗಳು ತಿರುಗಿದುವು. ಸಂಜೆ ಉಷ್ಣಮಾಪಕ ಕದಲದೆ ನಿಂತಿತು. ಪಾತ್ರೆಯಲ್ಲಿ ಮಾತ್ರ ಏನೂ ಕಾಣದು. ನೋಡಲು ಬಂದ ಸಹೋದ್ಯೋಗಿಯೊಬ್ಬರ ಸೂಚನೆಯಂತೆ ಕೆಳಗಿನಿಂದ ಬೆಳಕು ಹಾಯಿಸಿದಾಗ ದ್ರವದ ಮೇಲ್ಮೈ ಹೊಳೆಯಿತು. ಅದೇ ದ್ರವ ಹೀಲಿಯಂ. ಇದ್ದದ್ದು ಸುಮಾರು 60 ಘನ ಸೆಂಟಿಮೀಟರ್. ಅದು ಕುದಿಯುವುದು ಸೊನ್ನೆಗಿಂತ 269 ಡಿಗ್ರಿ ಕೆಳಗೆ. ಸಾಂದ್ರತೆ ನೀರಿನ ಎಂಟನೆಯ ಒಂದು ಪಾಲು.

1911ರಲ್ಲಿ ಆ ಶೈತ್ಯದಲ್ಲಿ ಪಾದರಸದ ವಿದ್ಯುತ್ ನಿರೋಧ ಥಟ್ಟನೆ ಮಾಯವಾದುದನ್ನು ಅವರ ಪ್ರಯೋಗಶಾಲೆ ಕಂಡಿತು. 1913ರಲ್ಲಿ ನೊಬೆಲ್ ಪಾರಿತೋಷಕ ಬಂತು. ಹೀಲಿಯಮನ್ನು ಹೆಪ್ಪುಗಟ್ಟಿಸುವ ಅವರ ಆಸೆ ಮಾತ್ರ ಕೈಗೂಡಲಿಲ್ಲ. 1926ರ ಫೆಬ್ರವರಿ 21ರಂದು ಅವರು ತೀರಿಕೊಂಡರು. ಕೆಲವೇ ತಿಂಗಳಲ್ಲಿ ಶಿಷ್ಯ ಕೇಸೊಮ್ ಒತ್ತಡ ಹೇರಿ ಅದನ್ನು ಸಾಧಿಸಿದರು.

ದ್ರವವನ್ನು ಇನ್ನಷ್ಟು ತಣಿಸಿದಾಗ ಸಾಂದ್ರತೆ ಒಂದೆಡೆ ಶಿಖರ ಮುಟ್ಟಿ ಇಳಿಯುವುದನ್ನು ಓನ್ನೆಸ್ ಅಳೆದು ಬರೆದಿಟ್ಟಿದ್ದರು. ಆ ಶಿಖರದ ಆಚೆಗೆ ಹೀಲಿಯಂ ತಡೆಯಿಲ್ಲದೆ ಹರಿಯುತ್ತದೆಂಬುದು 1938ರಲ್ಲಿ ತಿಳಿಯಿತು. ಇಂದು ಆಸ್ಪತ್ರೆಯ ಎಂ.ಆರ್.ಐ. ಯಂತ್ರದ ಮುಂದೆ ನಮ್ಮವರಿಗಾಗಿ ಕಾದು ಕುಳಿತಾಗ, ಒಳಗಿನ ಅಯಸ್ಕಾಂತವನ್ನು ತಣಿಸುತ್ತಿರುವುದು ಸಾಮಾನ್ಯವಾಗಿ ಈ ದ್ರವವೇ. ಅರ್ಥವಾಗದ ಅಳತೆಯನ್ನೂ ಅಳಿಸದೆ ಉಳಿಸಿದ ಆ ಪ್ರಾಮಾಣಿಕತೆಯನ್ನು ಅಂದು ನೆನೆಯೋಣ.