ರಾಬರ್ಟ್ ಓವೆನ್

ಹದಿನೆಂಟನೆಯ ಶತಮಾನದ ಕೊನೆಯ ದಶಕಗಳಲ್ಲಿ ಬ್ರಿಟನ್ನಿನ ನದೀತೀರಗಳಲ್ಲಿ ಹತ್ತಿಯ ಗಿರಣಿಗಳು ಒಂದರ ಹಿಂದೊಂದರಂತೆ ತಲೆಯೆತ್ತಿದವು. ಯಂತ್ರಗಳಿಗೆ ಎಣ್ಣೆ ಹಾಕಿಸಿ ತುಕ್ಕು ಹಿಡಿಯದಂತೆ ಕಾಪಾಡುತ್ತಿದ್ದ ಒಡೆಯರು ಅವುಗಳ ಬಳಿ ನಿಂತು ದುಡಿಯುತ್ತಿದ್ದ ಮಕ್ಕಳ ಗೋಜಿಗೆ ಹೋಗುತ್ತಿರಲಿಲ್ಲ. ಪಾಲುದಾರರ ಮುಂದಿಡುವ ಲೆಕ್ಕಪುಸ್ತಕದಲ್ಲಿ ಹತ್ತಿಯ ಬೆಲೆಯಿರುತ್ತಿತ್ತು, ನೂಲಿನ ತೂಕವಿರುತ್ತಿತ್ತು, ಲಾಭದ ಮೊತ್ತವಿರುತ್ತಿತ್ತು. ದುಡಿದವರು ಹೇಗಿದ್ದಾರೆಂಬ ಮಾತು ಮಾತ್ರ ಇರುತ್ತಿರಲಿಲ್ಲ. ಆ ಮಾತನ್ನೂ ಲೆಕ್ಕಕ್ಕೆ ಸೇರಿಸಬೇಕೆಂದು ಹಟ ಹಿಡಿದ ಗಿರಣಿಯ ಒಡೆಯನೊಬ್ಬನಿದ್ದನು. ಅವನೇ ರಾಬರ್ಟ್ ಓವೆನ್.

ಓವೆನ್ ಹುಟ್ಟಿದ್ದು 1771ರ ಮೇ 14ರಂದು, ವೇಲ್ಸ್ ಪ್ರಾಂತದ ನ್ಯೂಟೌನ್ ಎಂಬ ಸಣ್ಣ ಪಟ್ಟಣದಲ್ಲಿ. ತಂದೆ ಕುದುರೆಯ ಜೀನು ಮತ್ತು ಕಬ್ಬಿಣದ ಸಾಮಾನುಗಳ ವ್ಯಾಪಾರಿ. ಹತ್ತನೆಯ ವಯಸ್ಸಿಗೇ ಹುಡುಗ ಮನೆ ಬಿಟ್ಟು ಬಟ್ಟೆಯಂಗಡಿಗಳಲ್ಲಿ ಕೆಲಸ ಕಲಿತನು. ಲಂಡನ್ನಿನ ಒಂದು ಅಂಗಡಿಯಲ್ಲಿ ಅವನ ದುಡಿಮೆ ನಡುರಾತ್ರಿಯನ್ನೂ ಮೀರುತ್ತಿತ್ತು. ಮಲಗಲು ಹೋಗುವಾಗ ಮೆಟ್ಟಿಲಿನ ಪಕ್ಕದ ಕಟಕಟೆಯನ್ನು ಹಿಡಿದು ಮೈಯನ್ನು ಮೇಲಕ್ಕೆ ಎಳೆದುಕೊಳ್ಳಬೇಕಾಗುತ್ತಿತ್ತು. ದಣಿವು ಎಂದರೇನೆಂಬುದನ್ನು ಅವನು ಪುಸ್ತಕದಿಂದ ಕಲಿಯಲಿಲ್ಲ. ಇಪ್ಪತ್ತೊಂದು ತುಂಬುವ ಸುಮಾರಿಗೆ ಮ್ಯಾಂಚೆಸ್ಟರಿನಲ್ಲಿ ಐನೂರು ಜನ ದುಡಿಯುವ ಗಿರಣಿಗೆ ವ್ಯವಸ್ಥಾಪಕನಾದನು. ಮೊದಲ ಆರು ವಾರ ಅವನು ಯಾರಿಗೂ ನೇರವಾಗಿ ಅಪ್ಪಣೆ ಕೊಡಲಿಲ್ಲ. ಎಲ್ಲವನ್ನೂ ನೋಡುತ್ತ ಸುಮ್ಮನೆ ತಿರುಗಾಡಿದನು.

1800ರ ಜನವರಿ ಒಂದರಂದು ಸ್ಕಾಟ್ಲೆಂಡಿನ ನ್ಯೂ ಲಾನಾರ್ಕ್ ಗಿರಣಿಗಳ ಆಡಳಿತ ಅವನ ಕೈಗೆ ಬಂದಿತು. ಕ್ಲೈಡ್ ನದಿಯ ಜಲಪಾತಗಳ ಬಳಿ ಡೇವಿಡ್ ಡೇಲ್ ಎಂಬ ವರ್ತಕನು ಕಟ್ಟಿದ್ದ ಆ ಗಿರಣಿಗಳನ್ನು ಓವೆನ್ ಮತ್ತು ಅವನ ಪಾಲುದಾರರು 60,000 ಪೌಂಡಿಗೆ ಕೊಂಡಿದ್ದರು. ಡೇಲನ ಮಗಳು ಕ್ಯಾರೊಲಿನ್ ಅವನ ಮಡದಿಯಾಗಿದ್ದಳು. ಅಲ್ಲಿ ಸುಮಾರು ಎರಡು ಸಾವಿರ ಜನರಿದ್ದರು. ಅವರಲ್ಲಿ ಐನೂರರಷ್ಟು ಮಂದಿ ಅನಾಥಾಲಯಗಳಿಂದ ತಂದ ಮಕ್ಕಳು. ಓವೆನ್ ಅಂಥ ಮಕ್ಕಳನ್ನು ತರಿಸುವುದನ್ನು ನಿಲ್ಲಿಸಿದನು. ಹತ್ತು ವರ್ಷದೊಳಗಿನವರಿಗೆ ಗಿರಣಿಯಲ್ಲಿ ಕೆಲಸವಿಲ್ಲವೆಂದನು. ಒಳ್ಳೆಯ ಸರಕನ್ನು ಅಗ್ಗದ ಬೆಲೆಗೆ ಮಾರುವ ಅಂಗಡಿಯನ್ನು ತೆರೆಸಿದನು. ಆದರೂ ಕೂಲಿಗಾರರು ಅವನನ್ನು ನಂಬಲಿಲ್ಲ. ವೇಲ್ಸಿನಿಂದ ಬಂದ ಈ ಪರಸ್ಥಳದವನು ತಮ್ಮಿಂದ ಹೆಚ್ಚು ದುಡಿಸಿಕೊಳ್ಳಲು ಹೂಡಿದ ಉಪಾಯವಿದು ಎಂದೇ ಅವರು ಬಗೆದರು. ಬಗೆದದ್ದು ತಪ್ಪೆನ್ನುವಂತಿಲ್ಲ, ಅವರು ಕಂಡ ಒಡೆಯರೆಲ್ಲ ಅಂಥವರೇ.

1807ರ ಕೊನೆಗೆ ಅಮೆರಿಕವು ತನ್ನ ಬಂದರುಗಳಿಂದ ಹಡಗುಗಳು ಹೊರಡದಂತೆ ತಡೆಯಿತು. ಹತ್ತಿಯ ಬೆಲೆ ಏರಿತು, ಗಿರಣಿಗಳು ಮುಚ್ಚಿದವು, ಕೂಲಿಗಾರರು ಬೀದಿಪಾಲಾದರು. ನ್ಯೂ ಲಾನಾರ್ಕಿನಲ್ಲೂ ನಾಲ್ಕು ತಿಂಗಳು ಯಂತ್ರಗಳು ನಿಂತವು. ಆದರೆ ಓವೆನ್ ಒಬ್ಬರನ್ನೂ ತೆಗೆಯದೆ, ಯಂತ್ರಗಳನ್ನು ಶುಚಿಯಾಗಿಡುವ ಕೆಲಸವನ್ನಷ್ಟೇ ಹೇಳಿ, ಎಲ್ಲರಿಗೂ ಪೂರ್ಣ ಕೂಲಿಯನ್ನು ಕೊಟ್ಟನು. ಅದಕ್ಕೆ ತಗುಲಿದ ವೆಚ್ಚ ಏಳು ಸಾವಿರ ಪೌಂಡಿಗೂ ಮೇಲು. ಅಂದಿನಿಂದ ಜನರ ಮನಸ್ಸು ಅವನತ್ತ ತಿರುಗಿತು.

ಗಿರಣಿಯಲ್ಲಿ ಅವನು ತಂದ ಒಂದು ಏರ್ಪಾಡು ವಿಚಿತ್ರವಾದುದು. ಪ್ರತಿಯೊಬ್ಬ ಕೂಲಿಗಾರನ ಬಳಿಯೂ ನಾಲ್ಕು ಮುಖಗಳ ಒಂದು ಮರದ ತುಂಡನ್ನು ತೂಗುಹಾಕಿಸಿದನು. ಕಪ್ಪು, ನೀಲಿ, ಹಳದಿ, ಬಿಳಿ, ಹೀಗೆ ಮುಖಕ್ಕೊಂದು ಬಣ್ಣ. ಹಿಂದಿನ ದಿನದ ನಡತೆ ಕೆಟ್ಟದ್ದಾದರೆ ಕಪ್ಪು, ಅತ್ಯುತ್ತಮವಾದರೆ ಬಿಳಿ ಮುಂದಕ್ಕೆ ಬರುತ್ತಿತ್ತು. ಮೇಲ್ವಿಚಾರಕರಿಗೂ ಇದು ತಪ್ಪಿದ್ದಲ್ಲ. ದಿನದಿನದ ಬಣ್ಣವನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅನ್ಯಾಯವಾಯಿತೆಂದು ತೋರಿದವನು ನೇರವಾಗಿ ಓವೆನ್ನನ ಬಳಿಗೆ ಹೋಗಿ ದೂರು ಹೇಳಬಹುದಾಗಿತ್ತು. ಹೊಡೆತ ಬೈಗುಳಗಳ ಕಾಲದಲ್ಲಿ ಇದು ಮೃದುವಾದ ಕ್ರಮವೇ ಸರಿ. ಆದರೂ ಹಗಲೆಲ್ಲ ತಲೆಯ ಬಳಿ ತೂಗುವ ಬಣ್ಣದ ಕೆಳಗೆ ದುಡಿಯುವುದು ಎಲ್ಲರಿಗೂ ಹಿತವಾಗಿತ್ತೆಂದು ಹೇಳಲಾಗದು. ಇನ್ನೊಂದು ಮಾತೂ ಉಂಟು. ಆ ಗಿರಣಿ ನೂಲುತ್ತಿದ್ದ ಹತ್ತಿಯ ಬಹುಭಾಗವನ್ನು ಅಟ್ಲಾಂಟಿಕ್ ಸಾಗರದಾಚೆ ಗುಲಾಮರು ಬೆಳೆಯುತ್ತಿದ್ದರು. ಅವರ ನೋವು ನ್ಯೂ ಲಾನಾರ್ಕಿನ ಯಾವ ಪುಸ್ತಕದಲ್ಲಿಯೂ ದಾಖಲಾಗಲಿಲ್ಲ.

ಪಾಲುದಾರರಿಗೆ ಲಾಭ ಬರುತ್ತಿದ್ದರೂ ತೃಪ್ತಿಯಿರಲಿಲ್ಲ. ಕೂಲಿಗಾರರ ಮಕ್ಕಳಿಗೆ ಶಾಲೆಯೇಕೆಂದು ಅವರು ತಡೆದರು. ಆಗ ಓವೆನ್ 1812ರಲ್ಲಿ ನ್ಯೂ ಲಾನಾರ್ಕಿನ ಸ್ಥಿತಿಗತಿಯನ್ನು ವಿವರಿಸುವ ಒಂದು ಹೊತ್ತಗೆಯನ್ನು ಅಚ್ಚು ಹಾಕಿಸಿದನು. ತಾನು ಬಂದಾಗ ಜನ ಹೇಗಿದ್ದರು, ಏನು ಮಾಡಿದ್ದಾಯಿತು, ಇನ್ನೇನು ಆಗಬೇಕು ಎಂಬುದನ್ನು ಹಣ ಹೂಡುವವರ ಮುಂದೆ ಬಿಚ್ಚಿಟ್ಟನು. ಕೂಲಿಗಾರರ ಕ್ಷೇಮವೂ ಬಂಡವಾಳದ ಕ್ಷೇಮವೂ ಒಂದಕ್ಕೊಂದು ಹಗೆಯಲ್ಲವೆಂಬುದು ಅವನ ವಾದ. ಆ ಮಾತಿಗೆ ಒಲಿದು ಬಂದವರಲ್ಲಿ ತತ್ತ್ವಜ್ಞಾನಿ ಜೆರೆಮಿ ಬೆಂಥಮ್ ಒಬ್ಬನು, ಕ್ವೇಕರ್ ಪಂಥದ ವಿಲಿಯಂ ಅಲೆನ್ ಇನ್ನೊಬ್ಬನು. ಬಂಡವಾಳಕ್ಕೆ ನೂರಕ್ಕೆ ಐದರಂತೆ ಪಡೆದು, ಮಿಕ್ಕ ಲಾಭವನ್ನು ಜನರ ಶಿಕ್ಷಣ ಮತ್ತು ಏಳಿಗೆಗೆ ಬಿಡಲು ಅವರು ಒಪ್ಪಿದರು.

1813ರ ಕೊನೆಯಲ್ಲಿ ಗ್ಲಾಸ್ಗೋ ನಗರದಲ್ಲಿ ಗಿರಣಿಗಳು ಹರಾಜಿಗೆ ಬಂದವು. ಓವೆನ್ನನ ಆಡಳಿತದಿಂದ ಅವು ಹಾಳಾಗಿವೆಯೆಂದು ಹಳೆಯ ಪಾಲುದಾರರು ಸುದ್ದಿ ಹಬ್ಬಿಸಿದ್ದರು. ಅಗ್ಗಕ್ಕೆ ಸಿಕ್ಕರೆ ತಾವೇ ಕೊಳ್ಳುವುದು ಅವರ ಹಂಚಿಕೆ. ಹರಾಜಿನಲ್ಲಿ ಮಾತ್ರ ಹಾಳಾದ ಆ ಗಿರಣಿಗಳಿಗಾಗಿ ಅವರೇ ಬಿಡದೆ ಕೂಗಿದರು! ಕೊನೆಗೆ 1,14,100 ಪೌಂಡಿಗೆ ಓವೆನ್ನನ ಪಕ್ಷಕ್ಕೆ ಜಯವಾಯಿತು. ಅವನು ಹಿಂದಿರುಗಿದಾಗ ಜನರು ಗಾಡಿಯ ಕುದುರೆಗಳನ್ನು ಬಿಚ್ಚಿ ತಾವೇ ಎಳೆದುಕೊಂಡು ಹೋದರು.

1816ರ ಹೊಸ ವರ್ಷದ ದಿನ ಶಾಲೆ ತೆರೆಯಿತು. ಆ ವೇಳೆಗೆ ಗಿರಣಿಯ ದುಡಿಮೆ, ಊಟದ ಬಿಡುವು ಕಳೆದು, ದಿನಕ್ಕೆ ಹತ್ತೂ ಮುಕ್ಕಾಲು ಗಂಟೆಗೆ ಇಳಿದಿತ್ತು. ಗಿರಣಿಯ ಬಾಗಿಲು ಪರರಿಗೆ ಮುಚ್ಚಿರಲಿಲ್ಲ. 1815ರಿಂದ ಹತ್ತು ವರ್ಷಗಳಲ್ಲಿ ಸುಮಾರು ಇಪ್ಪತ್ತು ಸಾವಿರ ಜನ ಬಂದು ನೋಡಿ ಪುಸ್ತಕದಲ್ಲಿ ಹೆಸರು ಬರೆದರು.

ಇದೇ ಕ್ರಮ ದೇಶದ ಕಾನೂನಾಗಬೇಕೆಂದು ಓವೆನ್ ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷ್ಯ ನುಡಿದನು. ಎದುರಾಳಿ ಗಿರಣಿಗಾರರು ಅವನ ಮೇಲೆ ದೂರು ಹುಡುಕಲು ಲಾನಾರ್ಕಿಗೆ ಜನರನ್ನೂ ಕಳುಹಿಸಿದರು. 1819ರಲ್ಲಿ ಕಾನೂನೇನೋ ಬಂದಿತು. ಆದರೆ ಅದು ಹತ್ತಿಯ ಗಿರಣಿಗಳಿಗೆ ಮಾತ್ರ ಅನ್ವಯಿಸಿತು. ಒಂಬತ್ತು ವರ್ಷದ ಮಗು ಹನ್ನೆರಡು ಗಂಟೆ ದುಡಿಯಬಹುದಾಗಿತ್ತು. ಓವೆನ್ ಕೇಳಿದ್ದ ಸಂಬಳದ ತನಿಖಾಧಿಕಾರಿಗಳು ಅದರಲ್ಲಿ ಇರಲಿಲ್ಲ. ನೋಡಿ ಬರೆಯುವವರಿಲ್ಲದ ಕಾನೂನು ಕಾಗದದಲ್ಲಿಯೇ ಉಳಿಯಿತು. ಗಿರಣಿಗಳನ್ನು ಹೊಕ್ಕು ನೋಡಿ ಸರಕಾರಕ್ಕೆ ವರದಿ ಒಪ್ಪಿಸುವ ನಾಲ್ವರು ತನಿಖಾಧಿಕಾರಿಗಳ ನೇಮಕಕ್ಕೆ 1833ರ ಕಾನೂನಿನವರೆಗೆ ಕಾಯಬೇಕಾಯಿತು.

ಅಷ್ಟರಲ್ಲಿ ಓವೆನ್ ಅಮೆರಿಕದ ನ್ಯೂ ಹಾರ್ಮನಿಯಲ್ಲಿ ಸಮಾನತೆಯ ಊರೊಂದನ್ನು ಕಟ್ಟಲು ಹೋಗಿ ತನ್ನ ಸಂಪತ್ತಿನ ಬಹುಪಾಲನ್ನು ಕಳೆದುಕೊಂಡಿದ್ದನು. 1858ರ ಶರತ್ಕಾಲದಲ್ಲಿ, ಎಂಬತ್ತೇಳನೆಯ ವಯಸ್ಸಿನಲ್ಲಿ, ಲಿವರ್‌ಪೂಲಿನ ಸಭೆಯೊಂದರಲ್ಲಿ ಮಾತನಾಡಲು ಎದ್ದವನು ಕುಸಿದನು. ಸ್ವಲ್ಪ ಚೇತರಿಸಿಕೊಂಡ ಮೇಲೆ ತನ್ನನ್ನು ನ್ಯೂಟೌನಿಗೆ ಕರೆದೊಯ್ಯಬೇಕೆಂದು ಬೇಡಿದನು. ನವೆಂಬರ್ 17ರಂದು ಅಲ್ಲಿಯೇ ಕಣ್ಣುಮುಚ್ಚಿದನು. ಹತ್ತು ವರ್ಷದ ಹುಡುಗನಾಗಿ ಬಿಟ್ಟುಹೋಗಿದ್ದ ಊರಿನಲ್ಲಿ, ತಂದೆತಾಯಿಯರ ಸಮಾಧಿಯಲ್ಲಿಯೇ ಅವನನ್ನು ಹೂಳಿದರು.