ಕುಲುಮೆಯ ಜೊತೆಗೊಂದು ಪುಸ್ತಕಾಲಯ

ಭದ್ರಾವತಿಯಲ್ಲಿ ವಿಶ್ವೇಶ್ವರಯ್ಯನವರ ಹೆಸರೆತ್ತಿದೊಡನೆ ಜನರು ಕಬ್ಬಿಣದ ಕಾರ್ಖಾನೆಯತ್ತ ಕೈತೋರುವರು. ನನಗಾದರೋ ಮೊದಲು ನೆನಪಾಗುವುದು ಪುಸ್ತಕಾಲಯ.

ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡ ಅವರು ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಓದನ್ನು ಸಾಗಿಸಿದರು, 1881ರಲ್ಲಿ ಬಿ.ಎ. ಪದವಿ ಪಡೆದರು. ವಿದ್ಯೆಗೆ ಬಡತನವು ಒಡ್ಡುವ ಅಡ್ಡಿ ಎಂತಹುದೆಂದು ಅವರು ಅನುಭವದಿಂದಲೇ ಅರಿತಿದ್ದರು. 1912ರಲ್ಲಿ ಮೈಸೂರಿನ ದಿವಾನರಾದರು. ಅವರ ಕಾಲದಲ್ಲಿಯೇ ಬೆಂಗಳೂರು, ಮೈಸೂರುಗಳಲ್ಲಿ ಸಾರ್ವಜನಿಕ ಪುಸ್ತಕಾಲಯಗಳು ತೆರೆದವು. ಬೆಂಗಳೂರಿನದು 1915ರಲ್ಲಿ ಕಬ್ಬನ್ ಉದ್ಯಾನದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ನೆಲೆಸಿತು.

1918ರಲ್ಲಿ ಅವರು ದಿವಾನಗಿರಿಯನ್ನು ಬಿಟ್ಟರು. 1923ರಲ್ಲಿ ಭದ್ರಾವತಿಯ ಕುಲುಮೆ ಮಲೆನಾಡಿನ ಇದ್ದಿಲಿನಿಂದ ಹೊತ್ತಿಕೊಂಡಿತು. ನಷ್ಟಕ್ಕೆ ಸಿಲುಕಿದ ಆ ಕಾರ್ಖಾನೆಯನ್ನು 1929ರವರೆಗೆ ಅಧ್ಯಕ್ಷರಾಗಿ ಅವರೇ ನಡೆಸಿದರು. ಕಾರ್ಖಾನೆಯ ಲಾಭನಷ್ಟಗಳನ್ನು ಲೆಕ್ಕದ ಪುಸ್ತಕ ಹೇಳೀತು. ಪುಸ್ತಕಾಲಯದ ಲಾಭಕ್ಕೆ ಅಂತಹ ಲೆಕ್ಕವಿಲ್ಲ. ಆದುದರಿಂದಲೇ ಅದು ಬೇಗನೆ ಅಲಕ್ಷ್ಯಕ್ಕೆ ಗುರಿಯಾಗುತ್ತದೆ.

1962ರಲ್ಲಿ ಅವರು ತೀರಿಕೊಂಡರು. ಮೂರು ವರ್ಷಗಳ ಬಳಿಕ, 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆಯು ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ಸೇರಿಸಿತು. ಶಿವಮೊಗ್ಗ, ಭದ್ರಾವತಿಗಳಲ್ಲಿ ಮನೆಗಂದಾಯ ಕಟ್ಟುವವರೆಲ್ಲರೂ ಪುಸ್ತಕಕ್ಕೆ ಪಾಲು ಕೊಟ್ಟವರೇ. ಕೊಟ್ಟಮೇಲೆ ಒಳಹೊಕ್ಕು ಓದುವುದೂ ನಮ್ಮ ಪಾಲಿನದೇ ಅಲ್ಲವೆ?