ಡಾ. ಎಡಿತ್ ಪೀಚಿ: ಕಾಮಾ ಆಸ್ಪತ್ರೆಯ ಹೊಣೆ ಹೊತ್ತ ವೈದ್ಯೆ

ಮುಂಬಯಿಯ ಕಾಮಾ ಆಸ್ಪತ್ರೆ ಮಹಿಳೆಯರು ಮತ್ತು ಮಕ್ಕಳಿಗಾಗಿ 1886ರಲ್ಲಿ ಆರಂಭವಾಯಿತು. ಅದರ ಮೊದಲ ಮುಖ್ಯ ವೈದ್ಯೆ ಡಾ. ಎಡಿತ್ ಪೀಚಿ.

ಇವರು 1845ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ಪ್ರಾಂತ್ಯದ ಲ್ಯಾಂಗಮ್ ಗ್ರಾಮದಲ್ಲಿ ಜನಿಸಿದರು. ತಂದೆ ಕ್ರೈಸ್ತ ಪಾದ್ರಿ. 1869ರಲ್ಲಿ ಸೋಫಿಯಾ ಜೆಕ್ಸ್-ಬ್ಲೇಕ್ ಮೊದಲಾದವರೊಂದಿಗೆ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಲು ಸೇರಿದರು. ರಸಾಯನಶಾಸ್ತ್ರದಲ್ಲಿ ಉನ್ನತ ಅಂಕ ಗಳಿಸಿದರೂ ಅವರಿಗೆ ಸಲ್ಲಬೇಕಿದ್ದ ವಿದ್ಯಾರ್ಥಿವೇತನ ಪುರುಷ ವಿದ್ಯಾರ್ಥಿಗಳ ಪಾಲಾಯಿತು. ಕೊನೆಗೆ ಅಲ್ಲಿ ಪದವಿಯೂ ದೊರೆಯಲಿಲ್ಲ. ಧೃತಿಗೆಡದೆ 1877ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಎಂ.ಡಿ. ಪಡೆದರು. ಅದೇ ವರ್ಷ ಡಬ್ಲಿನ್‌ನಲ್ಲಿ ವೈದ್ಯವೃತ್ತಿಯ ಪರವಾನಗಿ ಗಳಿಸಿ, ಲೀಡ್ಸ್ ನಗರದಲ್ಲಿ ವೃತ್ತಿ ನಡೆಸಿದರು.

ಆಗ ಮುಂಬಯಿಯ ಸರ್ಕಾರಿ ಆಸ್ಪತ್ರೆಗಳ ಅಧಿಕಾರ ಪುರುಷ ವೈದ್ಯಾಧಿಕಾರಿಗಳ ಕೈಯಲ್ಲಿತ್ತು. ಅವರೆದುರು ಬರಲು ಸಂಕೋಚಪಟ್ಟು ಎಷ್ಟೋ ಸ್ತ್ರೀಯರು ಚಿಕಿತ್ಸೆಯನ್ನೇ ಪಡೆಯುತ್ತಿರಲಿಲ್ಲ. ಅಮೆರಿಕದ ವ್ಯಾಪಾರಿ ಜಾರ್ಜ್ ಕಿಟ್ರೆಜ್ ಮತ್ತು ಪಾರ್ಸಿ ಮುಖಂಡ ಸೊರಾಬ್ಜಿ ಶಾಪುರ್ಜಿ ಬೆಂಗಾಲಿ ವಿದೇಶದಿಂದ ವೈದ್ಯೆಯರನ್ನು ಕರೆತರಲು ನಿಧಿ ಸಂಗ್ರಹಿಸಿದರು. ಆಸ್ಪತ್ರೆಗೆ ಧನ ನೀಡಿದವರು ಪೆಸ್ತನ್‌ಜಿ ಹೊರ್ಮಸ್‌ಜಿ ಕಾಮಾ. ಆಸ್ಪತ್ರೆಯ ಪೂರ್ಣ ಹೊಣೆ ವೈದ್ಯೆಯರದ್ದೇ ಆಗಿರಬೇಕೆಂಬುದು ಈ ಯೋಜನೆಯ ತಿರುಳು. ಹೆಸರಿಗೊಬ್ಬ ವೈದ್ಯೆ, ಮೇಲೊಬ್ಬ ಪುರುಷ ಅಧಿಕಾರಿ ಎಂಬ ಏರ್ಪಾಡಿಗೆ ಅಲ್ಲಿ ಎಡೆಯಿರಲಿಲ್ಲ.

1883ರ ಕೊನೆಗೆ ಮುಂಬಯಿಗೆ ಬಂದ ಪೀಚಿ ಹಿಂದೂಸ್ತಾನಿ ಕಲಿತರು. ಕಾಮಾ ಆಸ್ಪತ್ರೆ ಸಿದ್ಧವಾಗುವವರೆಗೆ ಜಾಫರ್ ಸುಲೇಮಾನ್ ಚಿಕಿತ್ಸಾಲಯವನ್ನು ನೋಡಿಕೊಂಡರು. ಆ ಬಳಿಕ ಡಾ. ಷಾರ್ಲಟ್ ಎಲ್ಲಬಿಯವರೊಡನೆ ಕಾಮಾ ಆಸ್ಪತ್ರೆಯ ಸೇವೆಗೆ ನಿಂತರು. ವೈದ್ಯರಿದ್ದರಷ್ಟೇ ಆಸ್ಪತ್ರೆ ನಡೆಯದೆಂದು ಅರಿತು ದಾದಿಯರ ತರಬೇತಿಯನ್ನೂ ಆರಂಭಿಸಿದರು. ಒಂದೇ ಕೆಲಸಕ್ಕೆ ಸ್ತ್ರೀಗೊಂದು, ಪುರುಷನಿಗೊಂದು ಸಂಬಳ ಕೂಡದೆಂದು ವಾದಿಸಿದರು. ಬಾಲ್ಯವಿವಾಹವನ್ನು ವಿರೋಧಿಸಿದರು. ರುಖ್ಮಾಬಾಯಿಯವರು ಲಂಡನ್ನಿನಲ್ಲಿ ವೈದ್ಯಕೀಯ ಓದಲು ನೆರವಾದರು. ಪದವಿ ಪಡೆದು ಮರಳಿದ ರುಖ್ಮಾಬಾಯಿ ಕೆಲಕಾಲ ಇದೇ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಿದರು.

1889ರಲ್ಲಿ ಪೀಚಿ ಹರ್ಬರ್ಟ್ ಫಿಪ್ಸನ್ ಅವರನ್ನು ವಿವಾಹವಾದರು. ಅನಾರೋಗ್ಯದಿಂದ 1894ರಲ್ಲಿ ಆಸ್ಪತ್ರೆಯ ಹುದ್ದೆ ತೊರೆದರು. ಆದರೂ 1896ರಲ್ಲಿ ಪ್ಲೇಗ್ ಬಂದಾಗ ಸುಮ್ಮನೆ ಕೂರದೆ ಜನಸೇವೆಗೆ ಇಳಿದರು. 1905ರಲ್ಲಿ ಸ್ವದೇಶಕ್ಕೆ ಮರಳಿ, 1908ರಲ್ಲಿ ನಿಧನರಾದರು.

ಹೆಣ್ಣು ರೋಗಿಯ ಸಂಕೋಚವನ್ನು ಅರಿತು, ಹೊಣೆಯನ್ನು ಹೆಣ್ಣಿನ ಕೈಗೇ ಒಪ್ಪಿಸಿದ ದಾನಿಗಳೂ, ಆ ನಂಬಿಕೆ ಉಳಿಸಿಕೊಂಡ ಈ ವೈದ್ಯೆಯೂ ಸ್ಮರಣೀಯರು.